ಸ್ಪ್ಲಿಟ್ ಎಸಿಯನ್ನು ನೀವೇ ಕೂರಿಸುವುದು ಹೇಗೆ?

ಫೆಬ್ರವರಿ ಕಳೆಯುತ್ತಿದ್ದಂತೆ ಓದುಗರ ಪ್ರಶ್ನೆಗಳಲ್ಲಿ ಎರಡು ಪದೇ ಪದೇ ಕಾಣಿಸುತ್ತವೆ. ‘ಸ್ಪ್ಲಿಟ್ ಎಸಿಯನ್ನು ನಾವೇ ಕೂರಿಸಿಕೊಳ್ಳಬಹುದೇ?’ ಎಂಬುದು ಒಂದು. ‘ಎಸಿ ಹಾಕಿಸಿ ಇನ್ನೂ ವರ್ಷವಾಗಿಲ್ಲ, ಆಗಲೇ ಗ್ಯಾಸ್ ಮುಗಿದಿದೆ ಎನ್ನುತ್ತಿದ್ದಾರೆ, ನಿಜವೇ?’ ಎಂಬುದು ಇನ್ನೊಂದು. ಮೊದಲು ಎರಡನೆಯದಕ್ಕೆ ಉತ್ತರಿಸುತ್ತೇನೆ. ಎಸಿಯೊಳಗಿನ ಗ್ಯಾಸ್ ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ತಾಮ್ರದ ಕೊಳವೆಯೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಹೊಸ ಎಸಿಯಲ್ಲಿ ಸೋರಿದೆ ಎಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಕೂರಿಸಿದ ದಿನವೇ ಪೈಪಿನ ಜಾಯಿಂಟ್ ಸರಿಯಾಗಿ ಕೂಡಿರುವುದಿಲ್ಲ.

ಮೊದಲ ಪ್ರಶ್ನೆಗೆ ಉತ್ತರ: ಡ್ರಿಲ್, ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರು ಕೂರಿಸಿಕೊಳ್ಳಬಹುದು. ಆದರೆ ಜಾಯಿಂಟ್ ಮಾಡುವ ಕೆಲಸಕ್ಕೂ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸಕ್ಕೂ ಬೇಕಾದ ಉಪಕರಣ ಮತ್ತು ತಾಳ್ಮೆ ನಿಮ್ಮಲ್ಲಿರಬೇಕು. ಅವೆರಡು ಇಲ್ಲದಿದ್ದರೆ ಗೋಡೆ, ಡ್ರೈನ್ ಪೈಪ್, ಸ್ಟ್ಯಾಂಡುಗಳ ಕೆಲಸವನ್ನು ನೀವು ಮುಗಿಸಿ, ಗ್ಯಾಸ್ ಲೈನನ್ನು ತಂತ್ರಜ್ಞರಿಗೆ ಬಿಡಿ. ಅವರು ಕೆಲಸ ಮಾಡುವಾಗ ಏನನ್ನು ಗಮನಿಸಬೇಕು ಎಂಬುದಕ್ಕಾದರೂ ಈ ಲೇಖನ ಉಪಯೋಗಕ್ಕೆ ಬರುತ್ತದೆ.

ನೀವು ಮಾಡಬಾರದ ಸಂದರ್ಭಗಳು

ಔಟ್‌ಡೋರ್ ಯೂನಿಟ್ ಮೊದಲ ಮಹಡಿ ಅಥವಾ ಅದಕ್ಕಿಂತ ಮೇಲಿನ ಹೊರಗೋಡೆಗೆ ಹೋಗುವುದಾದರೆ ಆ ಭಾಗವನ್ನು ನೀವು ಮುಟ್ಟಬೇಡಿ. ಆ ಪೆಟ್ಟಿಗೆ 25ರಿಂದ 40 ಕಿಲೋ ತೂಗುತ್ತದೆ. ಕಿಟಕಿಯಿಂದ ಹೊರಕ್ಕೆ ಬಾಗಿ ಅದನ್ನು ಕೂರಿಸಲು ಹೋಗುವುದು ಪ್ರಾಣಕ್ಕೆ ಕುತ್ತು. ಸುರಕ್ಷತಾ ಬೆಲ್ಟ್ ಕಟ್ಟಿಕೊಂಡು ಕೆಲಸ ಮಾಡುವವರನ್ನೇ ಕರೆಯಿರಿ, ಬೆಲ್ಟ್ ಇಲ್ಲದೆ ಬಂದವರನ್ನು ವಾಪಸ್ ಕಳುಹಿಸಿ. ಯೂನಿಟ್ಟಿನ ಮೇಲೆ ಗ್ಯಾಸ್ ‘ಆರ್-290’ ಎಂದಿದ್ದರೆ ಅದು ಪ್ರೊಪೇನ್, ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಆ ಎಸಿಯ ಗ್ಯಾಸ್ ಲೈನ್ ಕೆಲಸ ತರಬೇತಿ ಪಡೆದವರದ್ದೇ. ಈಗ ಹೆಚ್ಚಾಗಿ ಸಿಗುವ ‘ಆರ್-32’ ಕೂಡ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸೇ. ಅದು ಉರಿದರೆ ವಿಷಕಾರಿ ಹೊಗೆ ಬರುತ್ತದೆ. ಹಾಗಾಗಿ ಕೆಲಸದ ಹೊತ್ತಿನಲ್ಲಿ ಕಿಟಕಿ, ಬಾಗಿಲು ತೆರೆದಿರಲಿ. ದೇವರ ಕೋಣೆಯ ದೀಪ, ಊದುಬತ್ತಿಯೂ ಸೇರಿದಂತೆ ಹತ್ತಿರ ಎಲ್ಲೂ ಬೆಂಕಿ ಬೇಡ.

ಇನ್ನೊಂದು ಮಾತು ಖರೀದಿಗೆ ಮೊದಲೇ: ವಾರಂಟಿ ಕಾರ್ಡನ್ನು ಪೂರ್ತಿ ಓದಿ. ತಮ್ಮ ಅಧಿಕೃತ ತಂತ್ರಜ್ಞರೇ ಕೂರಿಸಬೇಕು ಎಂಬ ಷರತ್ತನ್ನು ಹಲವು ಕಂಪನಿಗಳು ಹಾಕುತ್ತವೆ. ಕಂಪ್ರೆಸರ್ ಮೇಲಿನ ದೀರ್ಘ ವಾರಂಟಿ ಕಳೆದುಕೊಂಡು ಕೂಲಿ ಉಳಿಸುವುದು ನನ್ನ ಲೆಕ್ಕದಲ್ಲಿ ನಷ್ಟ. ಅಪಾರ್ಟ್‌ಮೆಂಟಿನಲ್ಲಿದ್ದರೆ ಹೊರಗೋಡೆ ಕೊರೆಯಲು ಸಂಘದ ಒಪ್ಪಿಗೆಯೂ ಬೇಕು.

ಯಾವ ಎಸಿ, ಎಷ್ಟು ಟನ್?

ಇಲ್ಲಿ ಟನ್ ಎಂಬುದು ಯಂತ್ರದ ತೂಕವಲ್ಲ. ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊರಹಾಕುವ ಶಕ್ತಿಗೆ ಒಂದು ಟನ್ ಎನ್ನುತ್ತಾರೆ. 100ರಿಂದ 120 ಚದರ ಅಡಿಯ ಕೋಣೆಗೆ 1 ಟನ್, 150ರಿಂದ 180 ಚದರ ಅಡಿಗೆ 1.5 ಟನ್ ಎಂಬುದು ರೂಢಿಯ ಲೆಕ್ಕ. ಮೇಲೆ ಬಿಸಿಲು ಕಾಯುವ ಆರ್‌ಸಿಸಿ ತಾರಸಿ, ಪಡುವಣಕ್ಕೆ ದೊಡ್ಡ ಗೋಡೆ ಇದ್ದರೆ ಒಂದು ಮೆಟ್ಟಿಲು ಮೇಲಿನದನ್ನು ತೆಗೆದುಕೊಳ್ಳಿ. ಕಲಬುರಗಿ, ರಾಯಚೂರಿನ ಒಣ ಬಿಸಿಲಿಗೆ ಒಳ್ಳೆಯ ಕೂಲರ್ ಸಾಕಾದೀತು, ಅದನ್ನೊಮ್ಮೆ ಯೋಚಿಸಿ. ಮಂಗಳೂರು, ಕಾರವಾರದ ಸೆಕೆಯಲ್ಲಿ ಗಾಳಿಯಲ್ಲೇ ನೀರಿರುವುದರಿಂದ ಕೂಲರ್ ಕೆಲಸಕ್ಕೆ ಬಾರದು.

ಮಡಿಕೇರಿ, ಚಿಕ್ಕಮಗಳೂರಿನ ಎಸ್ಟೇಟ್ ಮನೆಗಳವರು, ದೆಹಲಿಯ ಚಳಿಯಲ್ಲಿರುವ ಕನ್ನಡಿಗರು ‘ಹಾಟ್ ಅಂಡ್ ಕೋಲ್ಡ್’ ಮಾದರಿಯನ್ನು ನೋಡಬಹುದು. ಅದರಲ್ಲಿ ಗ್ಯಾಸಿನ ಹರಿವನ್ನು ಹಿಂದುಮುಂದಾಗಿ ತಿರುಗಿಸುವ ವಾಲ್ವ್ ಇರುತ್ತದೆ. ಬೇಸಿಗೆಯಲ್ಲಿ ಒಳಗಿನ ಶಾಖ ಹೊರಗೆ ಹೋದಂತೆ, ಚಳಿಗಾಲದಲ್ಲಿ ಹೊರಗಿನ ಶಾಖ ಒಳಗೆ ಬರುತ್ತದೆ. ಕಾಯಿಲ್ ಕೆಂಪಾಗಿ ಉರಿಯುವ ರೂಮ್ ಹೀಟರ್‌ಗೆ ಹೋಲಿಸಿದರೆ ಅಷ್ಟೇ ಬಿಸಿಗೆ ವಿದ್ಯುತ್ ಬಹಳ ಕಡಿಮೆ ಸಾಕು. ಕೂರಿಸುವ ವಿಧಾನ ಎರಡಕ್ಕೂ ಒಂದೇ. ವ್ಯತ್ಯಾಸವಿರುವ ಒಂದು ಕಡೆ ಮಾತ್ರ ಮುಂದೆ ಹೇಳುತ್ತೇನೆ.

ಬೇಕಾದ ಸಾಮಾನು

ಡ್ರಿಲ್, 65 ಮಿ.ಮೀ. ಕೋರ್ ಕಟ್ಟರ್ (ಗೋಡೆಯಲ್ಲಿ ದುಂಡು ತೂತು ಕೊರೆಯುವ ಬಿಟ್), ರಸಮಟ್ಟ, ಪೈಪ್ ಕಟ್ಟರ್, ರೀಮರ್, ಫ್ಲೇರಿಂಗ್ ಟೂಲ್, ಟಾರ್ಕ್ ವ್ರೆಂಚ್ (ಎಷ್ಟು ಬಲದಲ್ಲಿ ಬಿಗಿದಿದ್ದೀರಿ ಎಂದು ತೋರಿಸುವ ಸ್ಪ್ಯಾನರ್), ಅಲೆನ್ ಕೀ, ವ್ಯಾಕ್ಯೂಮ್ ಪಂಪ್, ಮ್ಯಾನಿಫೋಲ್ಡ್ ಗೇಜ್ (ಪೈಪಿನೊಳಗಿನ ಒತ್ತಡ ತೋರಿಸುವ ಮುಳ್ಳಿನ ಮಾಪಕ), ಸಾಧ್ಯವಾದರೆ ಮೈಕ್ರಾನ್ ಗೇಜ್ (ಅತಿ ಕಡಿಮೆ ಒತ್ತಡವನ್ನು ನಿಖರವಾಗಿ ಅಳೆಯುವ ಮಾಪಕ). ಪಂಪ್ ಮತ್ತು ಗೇಜ್ ಬಾಡಿಗೆಗೆ ಸಿಗುತ್ತವೆಯೇ ಎಂದು ಎಸಿ ಬಿಡಿಭಾಗಗಳ ಅಂಗಡಿಯಲ್ಲಿ ಕೇಳಿ ನೋಡಿ.

ತಾಮ್ರದ ಪೈಪನ್ನು ಹೊಸದಾಗಿಯೇ ಕೊಳ್ಳಿ. ಆರ್-32, ಆರ್-410ಎ ಗ್ಯಾಸುಗಳ ಒತ್ತಡ ಹಳೆಯ ಆರ್-22ಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು. ಹಾಗಾಗಿ ಗೋಡೆಯಲ್ಲಿ ಮೊದಲೇ ಇರುವ ಹಳೆಯ ತೆಳು ಪೈಪಿಗೆ ಹೊಸ ಎಸಿ ಜೋಡಿಸುವುದು ಅಪಾಯ. ಪೈಪಿನ ದಪ್ಪ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಎರಡು ಪೈಪುಗಳಿರುತ್ತವೆ: ಸಣ್ಣದು ದ್ರವರೂಪದ ಗ್ಯಾಸಿಗೆ, ದಪ್ಪನೆಯದು ಆವಿರೂಪದ ಗ್ಯಾಸಿಗೆ. ಸಣ್ಣದು ಸಾಮಾನ್ಯವಾಗಿ ಕಾಲು ಇಂಚು, ದಪ್ಪನೆಯದು 3/8 ಅಥವಾ ಅರ್ಧ ಇಂಚು. ನಿಮ್ಮ ಮಾದರಿಯದು ಯಾವುದು ಎಂದು ಕೈಪಿಡಿ ನೋಡಿಯೇ ಅಂಗಡಿಗೆ ಹೋಗಿ.

ಹಂತ 1: ವಿದ್ಯುತ್ ಲೈನ್

ಗೋಡೆ ಮುಟ್ಟುವ ಮೊದಲು ಇದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಿಬಿಡಿ. 1.5 ಟನ್ ಎಸಿ ಪೂರ್ತಿ ಕೆಲಸ ಮಾಡುವಾಗ 7 ಆಂಪಿಯರ್ ಆಸುಪಾಸು ಕರೆಂಟ್ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಆದ್ದರಿಂದ ಮೀಟರ್ ಬೋರ್ಡಿನಿಂದ ಎಸಿಗೆಂದೇ ಪ್ರತ್ಯೇಕ ತಾಮ್ರದ ವೈರ್ ಬರಬೇಕು. ದಪ್ಪ 2.5 ಚದರ ಮಿ.ಮೀ.ಗಿಂತ ಕಡಿಮೆ ಬೇಡ, ದೂರ ಹೆಚ್ಚಿದ್ದರೆ 4 ಚದರ ಮಿ.ಮೀ. ಹಾಕಿಸಿ. ಅದಕ್ಕೊಂದು ಎಂಸಿಬಿ (ಲೋಡ್ ಮಿತಿಮೀರಿದರೆ ಲೈನ್ ಕಡಿಯುವ ಸ್ವಿಚ್), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್) ಮತ್ತು ನಿಜವಾಗಿ ಕೆಲಸ ಮಾಡುವ ಅರ್ಥಿಂಗ್ ಇರಲಿ. ಹಳೆಯ ಮನೆಗಳಲ್ಲಿ ಮೂರನೆಯ ಪಿನ್ ಹೆಸರಿಗಷ್ಟೇ ಇರುವುದುಂಟು, ಪರೀಕ್ಷಿಸಿಯೇ ಮುಂದುವರಿಯಿರಿ.

ವಿದ್ಯುತ್ ಬಿಲ್ಲಿನಲ್ಲಿ ‘ಮಂಜೂರಾದ ಲೋಡ್’ ಎಷ್ಟಿದೆ ನೋಡಿ. 1 ಕಿಲೋವ್ಯಾಟ್ ಎಂದಿದ್ದರೆ ಎಸಿ ಒಂದೇ ಅದನ್ನು ದಾಟಬಹುದು. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಯಾವುದೇ ಇರಲಿ, ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ.

ಹಂತ 2: ಜಾಗ ಗುರುತಿಸುವುದು

ಇಂಡೋರ್ ಯೂನಿಟ್ಟಿನ ಮೇಲೆ 15 ಸೆಂ.ಮೀ., ಎರಡೂ ಪಕ್ಕಕ್ಕೆ ಅಷ್ಟೇ ಜಾಗ ಬಿಡಿ. ಮೇಲಿನಿಂದ ಗಾಳಿ ಎಳೆದುಕೊಳ್ಳುವ ಯಂತ್ರವನ್ನು ಫಾಲ್ಸ್ ಸೀಲಿಂಗಿಗೆ ಅಂಟಿಸಿದರೆ ಅದು ಉಸಿರುಗಟ್ಟುತ್ತದೆ. ತಣ್ಣನೆಯ ಗಾಳಿ ನೇರವಾಗಿ ಮಂಚದ ತಲೆಕಡೆಗೆ ಬೀಳದಿರಲಿ.

ಔಟ್‌ಡೋರ್ ಯೂನಿಟ್ಟಿನ ಮುಂದೆ ಕನಿಷ್ಠ ಎರಡರಿಂದ ಮೂರು ಅಡಿ ತೆರೆದ ಜಾಗ ಬೇಕು. ಬಾಲ್ಕನಿಯ ಗ್ರಿಲ್ ಮೇಲೆ ಶೀಟ್ ಹೊದಿಸಿ ಮುಚ್ಚಿದ ಯುಟಿಲಿಟಿಯಲ್ಲಿ ಇಟ್ಟರೆ ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡು ಕರೆಂಟ್ ತಿನ್ನುತ್ತದೆ. ಕಡಲ ಹತ್ತಿರದವರು ಉಪ್ಪುಗಾಳಿ ನೇರವಾಗಿ ಬಡಿಯುವ ಗೋಡೆಯನ್ನು ಬಿಟ್ಟು ಮರೆಯ ಗೋಡೆಯನ್ನು ಆರಿಸಿಕೊಳ್ಳಿ, ಸ್ಟ್ಯಾಂಡಿಗೆ ತುಕ್ಕು ಹಿಡಿಯದ ಬೋಲ್ಟುಗಳನ್ನೇ ಹಾಕಿ.

ಎರಡು ಯೂನಿಟ್‌ಗಳ ನಡುವಿನ ಪೈಪ್ ಸಾಮಾನ್ಯವಾಗಿ 3 ಮೀಟರಿಗಿಂತ ಕಡಿಮೆ ಇರಬಾರದು. ಗರಿಷ್ಠ ಉದ್ದ ಎಷ್ಟು, ಕಾರ್ಖಾನೆಯಲ್ಲಿ ತುಂಬಿದ ಗ್ಯಾಸ್ ಎಷ್ಟು ಮೀಟರಿಗೆ ಸಾಲುತ್ತದೆ ಎಂಬುದು ಕೈಪಿಡಿಯಲ್ಲಿ ಇರುತ್ತದೆ. ಆ ಅಳತೆಯೊಳಗೆ ಬರುವಂತೆ ಜಾಗ ಆರಿಸಿದರೆ ಗ್ಯಾಸ್ ಸೇರಿಸುವ ತಲೆನೋವೇ ಇಲ್ಲ.

ಹಂತ 3: ಗೋಡೆ ಕೊರೆದು ಪ್ಲೇಟ್ ಕೂರಿಸುವುದು

ಪಿಲ್ಲರ್, ಬೀಮ್, ಲಿಂಟಲ್‌ಗಳನ್ನು ಯಾವ ಕಾರಣಕ್ಕೂ ಕೊರೆಯಬೇಡಿ. ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ ಕೆಳಗೆ ವೈರ್ ಹೋಗಿರುತ್ತದೆ ಎಂಬುದನ್ನೂ ನೆನಪಿಡಿ. ತೂತು ಒಳಗಿನಿಂದ ಹೊರಗೆ 5ರಿಂದ 7 ಮಿ.ಮೀ. ಇಳಿಜಾರಾಗಿರಬೇಕು. ತಿರುಗುಮುರುಗಾದರೆ ಮಳೆನೀರು ಒಳಬರುತ್ತದೆ, ಡ್ರೈನ್ ನೀರು ಹೊರಹೋಗುವುದಿಲ್ಲ.

ನಮ್ಮಲ್ಲಿ ಗೋಡೆಗಳು ಒಂದೇ ಬಗೆಯಲ್ಲ. ಹಾಲೋ ಬ್ಲಾಕ್ ಗೋಡೆಯಲ್ಲಿ ಸಾದಾ ಪ್ಲಾಸ್ಟಿಕ್ ಪ್ಲಗ್ ಟೊಳ್ಳಿಗೆ ಸಿಕ್ಕಿ ಸಡಿಲವಾಗುತ್ತದೆ, ಟೊಳ್ಳಿನೊಳಗೆ ಅರಳಿ ಹಿಡಿಯುವ ಆ್ಯಂಕರ್ ಬೇಕು. ಕರಾವಳಿಯ ಜಂಬಿಟ್ಟಿಗೆ ಗೋಡೆ ಕೊರೆದಲ್ಲಿ ಪುಡಿಯಾಗುತ್ತದೆ, ಅಲ್ಲಿ ಉದ್ದನೆಯ ಬೋಲ್ಟ್ ಮತ್ತು ರಾಸಾಯನಿಕ ಅಂಟು ಸೂಕ್ತ. ಉತ್ತರ ಕರ್ನಾಟಕದ ಹಳೆಯ ಮನೆಗಳ ದಪ್ಪ ಕಲ್ಲುಗೋಡೆಗೆ ಕೋರ್ ಕಟ್ಟರ್‌ನ ಉದ್ದನೆಯ ರಾಡ್ ಬೇಕಾಗುತ್ತದೆ. ಹೊರಗಿನ ಸ್ಟ್ಯಾಂಡನ್ನು ಇಂತಹ ಗೋಡೆಗೆ ನೇತುಹಾಕುವ ಬದಲು ನೆಲದ ಮೇಲೆ ಕಾಂಕ್ರೀಟ್ ಕಟ್ಟೆ ಮಾಡಿ ಇಡುವುದೇ ಒಳ್ಳೆಯದು. ತಾರಸಿಯಾದರೂ ಸರಿ.

ಇಂಡೋರ್ ಯೂನಿಟ್ಟನ್ನು ಹಿಡಿದಿಡುವ ಪ್ಲೇಟನ್ನು ರಸಮಟ್ಟ ಇಟ್ಟು ನೇರವಾಗಿ ಕೂರಿಸಿ. ಡ್ರೈನ್ ಪೈಪ್ ಇರುವ ಬದಿಗೆ ಕೂದಲೆಳೆಯಷ್ಟು ತಗ್ಗಿದ್ದರೆ ಅಡ್ಡಿಯಿಲ್ಲ, ಎದುರು ಬದಿಗೆ ತಗ್ಗಿದ್ದರೆ ನೀರು ಹಾಸಿಗೆಯ ಮೇಲೆ ಸೋರುತ್ತದೆ.

ಹಂತ 4: ಡ್ರೈನ್ ಪೈಪ್

ಇದು ಉದ್ದಕ್ಕೂ ಇಳಿಜಾರಾಗಿಯೇ ಹೋಗಬೇಕು. ನಡುವೆ ಜೋಲಾಡಿದರೆ ನೀರು ನಿಂತು ಪಾಚಿ ಕಟ್ಟುತ್ತದೆ. ಪೈಪಿನ ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಡಬೇಡಿ, ಗಾಳಿ ಆಡದೆ ಹರಿವು ನಿಲ್ಲುತ್ತದೆ. ತಾಮ್ರದ ಪೈಪುಗಳ ಜೊತೆ ಟೇಪ್ ಸುತ್ತುವಾಗ ಡ್ರೈನ್ ಪೈಪ್ ಎಲ್ಲಕ್ಕಿಂತ ಕೆಳಗಿರಲಿ. ಹಾಟ್ ಅಂಡ್ ಕೋಲ್ಡ್ ಮಾದರಿಯಾದರೆ ಚಳಿಗಾಲದಲ್ಲಿ ಔಟ್‌ಡೋರ್ ಯೂನಿಟ್ಟಿನಿಂದಲೂ ನೀರು ಇಳಿಯುತ್ತದೆ. ಅದರ ತಳಕ್ಕೆ ಜೊತೆಯಲ್ಲಿ ಬಂದಿರುವ ಎಲ್ಬೋ ಹಾಕಿ ಇನ್ನೊಂದು ಪೈಪ್ ಇಳಿಬಿಡಿ.

ಹಂತ 5: ಫ್ಲೇರ್ ಜಾಯಿಂಟ್

ಇಲ್ಲಿ ಆತುರ ಬೇಡ. ಈ ಎಸಿ ಹತ್ತು ವರ್ಷ ಬಾಳುವುದೋ, ಮುಂದಿನ ಬೇಸಿಗೆಯಲ್ಲೇ ‘ಗ್ಯಾಸ್ ಮುಗಿದಿದೆ’ ಎಂಬ ಮಾತು ಕೇಳುವುದೋ ಈ ಹಂತದಲ್ಲಿ ತೀರ್ಮಾನವಾಗುತ್ತದೆ. ಪೈಪಿನ ಬಾಯಿಯನ್ನು ಗಂಟೆಯ ಬಾಯಿಯಂತೆ ಅರಳಿಸಿ, ನಟ್ ಮೂಲಕ ಯೂನಿಟ್ಟಿನ ಶಂಕುವಿಗೆ ಒತ್ತಿ ಹಿಡಿಸುವುದಕ್ಕೆ ಫ್ಲೇರಿಂಗ್ ಎನ್ನುತ್ತಾರೆ. ವಾಷರ್ ಇಲ್ಲ, ಅಂಟು ಇಲ್ಲ. ತಾಮ್ರಕ್ಕೆ ಲೋಹ ಒತ್ತಿಕೊಂಡೇ ಗ್ಯಾಸನ್ನು ತಡೆಯಬೇಕು. ಟೆಫ್ಲಾನ್ ಟೇಪ್ ಸುತ್ತುವುದು ದೊಡ್ಡ ತಪ್ಪು.

ಪೈಪನ್ನು ಕಟ್ಟರ್‌ನಲ್ಲೇ ಕತ್ತರಿಸಿ, ಆಕ್ಸಾ ಬ್ಲೇಡ್ ಬೇಡ. ಬ್ಲೇಡಿನ ತಾಮ್ರದ ಪುಡಿ ಒಳಗೆ ಹೋದರೆ ಕಂಪ್ರೆಸರನ್ನು ಕೊರೆಯುತ್ತದೆ. ಕತ್ತರಿಸಿದ ಬಾಯಿಯನ್ನು ಕೆಳಮುಖವಾಗಿ ಹಿಡಿದು ರೀಮರ್‌ನಿಂದ ಒಳಂಚನ್ನು ನುಣುಪು ಮಾಡಿ, ಪುಡಿ ನೆಲಕ್ಕೇ ಬೀಳಲಿ. ಈಗ ಮೊದಲು ನಟ್ ತೂರಿಸಿ, ಆಮೇಲೆ ಫ್ಲೇರ್ ಮಾಡಿ. ನಟ್ ಮರೆತು ಫ್ಲೇರ್ ಮಾಡಿ ಮತ್ತೆ ಕತ್ತರಿಸುವುದು ಎಲ್ಲರ ಕೆಲಸದಲ್ಲೂ ನಡೆಯುತ್ತದೆ. ಅದಕ್ಕೆಂದೇ ಪೈಪನ್ನು ಒಂದಡಿ ಉದ್ದ ಇಟ್ಟುಕೊಂಡಿರಿ. ಆರ್-32ಕ್ಕೆಂದೇ ಮಾಡಿದ ಫ್ಲೇರಿಂಗ್ ಟೂಲಿನಲ್ಲಿ ಪೈಪ್ ಅಚ್ಚಿನಿಂದ ಅರ್ಧ ಮಿ.ಮೀ.ವರೆಗೆ ಮಾತ್ರ ಮೇಲೆದ್ದಿರಬೇಕು, ಹಳೆಯ ಬಗೆಯ ಟೂಲ್ ಆದರೆ ಒಂದರಿಂದ ಒಂದೂವರೆ ಮಿ.ಮೀ.

ಅರಳಿದ ಬಾಯಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಅಂಚು ಎಲ್ಲ ಕಡೆ ಸಮನಾಗಿ, ಒಳಮೈ ಕನ್ನಡಿಯಂತೆ ನುಣುಪಾಗಿ ಇರಬೇಕು. ಸಣ್ಣ ಗೀರು, ಬಿರುಕು, ಓರೆ ಕಂಡರೂ ಕತ್ತರಿಸಿ ಬಿಸಾಡಿ. ಅಳತೆಪಟ್ಟಿ ಇದ್ದರೆ ಬಾಯಿಯ ಹೊರವ್ಯಾಸ ಕಾಲು ಇಂಚಿನ ಪೈಪಿಗೆ 9 ಮಿ.ಮೀ., 3/8ಕ್ಕೆ 13 ಮಿ.ಮೀ., ಅರ್ಧ ಇಂಚಿಗೆ 16.5 ಮಿ.ಮೀ. ಹತ್ತಿರ ಇದೆಯೇ ಎಂದು ನೋಡಿ. ಹೊಸಬರು ಚೂರು ಪೈಪಿನ ಮೇಲೆ ಕೈ ಪಳಗಿಸಿಕೊಂಡ ಮೇಲೆಯೇ ಅಸಲಿ ಪೈಪಿಗೆ ಕೈಹಾಕಿ.

ಜೋಡಿಸುವಾಗ ನಟ್ಟನ್ನು ಬೆರಳಲ್ಲೇ ಮೂರು ನಾಲ್ಕು ಸುತ್ತು ತಿರುಗಿಸಿ. ತಿರುಗದಿದ್ದರೆ ಪೈಪ್ ಓರೆಯಾಗಿದೆ ಎಂದರ್ಥ, ಬಲವಂತ ಮಾಡಬೇಡಿ. ಕೊನೆಯಲ್ಲಿ ಎರಡು ಸ್ಪ್ಯಾನರ್ ಬಳಸಿ: ಒಂದು ಯೂನಿಟ್ ಬದಿಯನ್ನು ಅಲುಗದಂತೆ ಹಿಡಿಯಲು, ಟಾರ್ಕ್ ವ್ರೆಂಚ್ ನಟ್ ಬಿಗಿಯಲು. ಕಾಲು ಇಂಚಿಗೆ ಸುಮಾರು 15 ನ್ಯೂಟನ್ ಮೀಟರ್, 3/8ಕ್ಕೆ 35, ಅರ್ಧ ಇಂಚಿಗೆ 55. ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ. ‘ಇನ್ನೂ ಸ್ವಲ್ಪ ಬಿಗಿಯಾಗಲಿ’ ಎಂದು ಮೈಭಾರ ಹಾಕಿದರೆ ಫ್ಲೇರ್ ತೆಳುವಾಗಿ ಸೀಳುತ್ತದೆ. ಅದು ಅಂದೇ ತಿಳಿಯುವುದಿಲ್ಲ, ತಿಂಗಳುಗಳ ಮೇಲೆ ಸೋರತೊಡಗುತ್ತದೆ.

ಜಾಯಿಂಟ್ ಪರೀಕ್ಷೆಗೆ ನೈಟ್ರೋಜನ್ ತುಂಬಿ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು ಉತ್ತಮ ಕ್ರಮ. ನೈಟ್ರೋಜನ್ ಬದಲು ಆಮ್ಲಜನಕ ಬಳಸಿದರೆ ಒಳಗಿನ ಎಣ್ಣೆಯೊಂದಿಗೆ ಸೇರಿ ಸ್ಫೋಟವಾಗುತ್ತದೆ. ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ತರುವವರು ಇದನ್ನು ಎರಡು ಸಲ ಓದಿಕೊಳ್ಳಿ.

ಹಂತ 6: ವ್ಯಾಕ್ಯೂಮ್

ಪೈಪಿನೊಳಗೆ ಈಗ ಗಾಳಿಯೂ ತೇವವೂ ಇವೆ. ಗಾಳಿ ಉಳಿದರೆ ಒತ್ತಡ ಏರಿ ಕಂಪ್ರೆಸರ್ ಬಳಲುತ್ತದೆ, ತೇವ ಉಳಿದರೆ ಎಣ್ಣೆಯೊಂದಿಗೆ ಸೇರಿ ಆಮ್ಲವಾಗುತ್ತದೆ. ಪಂಪ್ ಹಚ್ಚಿ ಒತ್ತಡ ಇಳಿಸಿದಾಗ ನೀರು ಕೋಣೆಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಪಂಪ್ ಬಳಸದೆ, ಔಟ್‌ಡೋರ್‌ನ ಗ್ಯಾಸನ್ನೇ ಸ್ವಲ್ಪ ಬಿಟ್ಟು ನಟ್ ಸಡಿಲಿಸಿ ಗಾಳಿ ‘ಊದಿಸುವ’ ಅಭ್ಯಾಸ ಆರ್-22 ಕಾಲದ್ದು. ಅದು ತೇವವನ್ನು ತೆಗೆಯುವುದಿಲ್ಲ, ಆರ್-32ರಲ್ಲಿ ಬೆಂಕಿಯ ಅಪಾಯವೂ ಇದೆ. ನಿಮ್ಮ ಮನೆಗೆ ಬಂದ ತಂತ್ರಜ್ಞರು ಹಾಗೆ ಮಾಡಹೊರಟರೆ ತಡೆಯಿರಿ.

ಪಂಪಿನ ಹೋಸನ್ನು ದಪ್ಪ ಪೈಪಿನ ವಾಲ್ವ್ ಪಕ್ಕದ ಸರ್ವಿಸ್ ಪೋರ್ಟಿಗೆ ಜೋಡಿಸಿ. ಆರ್-22ರ ಹಳೆಯ ಹೋಸ್ ಇಲ್ಲಿಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು. ಅಲೆನ್ ಕೀಯಿಂದ ತೆರೆಯುವ ಎರಡೂ ವಾಲ್ವ್‌ಗಳು ಈ ಹೊತ್ತಿನಲ್ಲಿ ಮುಚ್ಚಿಯೇ ಇರಬೇಕು. ಅರ್ಧ ಗಂಟೆಯಾದರೂ ಪಂಪ್ ಓಡಲಿ. ಮಳೆಗಾಲ ಅಥವಾ ಕರಾವಳಿಯಾದರೆ ಇನ್ನೂ ಹೆಚ್ಚು.

ಬೆಂಗಳೂರಿನವರನ್ನು ಗೊಂದಲಕ್ಕೆ ತಳ್ಳುವ ಸಂಗತಿಯೊಂದು ಇಲ್ಲಿದೆ. ಗೇಜ್ ಮೇಲೆ ಪೂರ್ಣ ನಿರ್ವಾತವೆಂದು 30 ಇಂಚು ಪಾದರಸ ಎಂದು ಬರೆದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಮಂಗಳೂರಿನಲ್ಲಿ ಮುಳ್ಳು ಅಲ್ಲಿಯವರೆಗೆ ಹೋಗುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಹೊರಗಿನ ಗಾಳಿಯ ಒತ್ತಡವೇ ಕಡಿಮೆ, ಮುಳ್ಳು 27ರ ಹತ್ತಿರ ನಿಲ್ಲುತ್ತದೆ. ಮಡಿಕೇರಿಯಲ್ಲಿ ಇನ್ನೂ ಒಂದಿಂಚು ಕಡಿಮೆ. ಪಂಪ್ ಕೆಟ್ಟಿದೆ, ಜಾಯಿಂಟ್ ಸೋರುತ್ತಿದೆ ಎಂದು ಗಾಬರಿಯಾಗಬೇಕಿಲ್ಲ. ಮೈಕ್ರಾನ್ ಗೇಜ್ ಒಳಗಿನ ಒತ್ತಡವನ್ನೇ ನೇರವಾಗಿ ಅಳೆಯುವುದರಿಂದ ಊರಿನ ಎತ್ತರ ಅದಕ್ಕೆ ಲೆಕ್ಕಕ್ಕಿಲ್ಲ. ಅದರಲ್ಲಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ.

ಗೇಜಿನ ವಾಲ್ವ್ ಮುಚ್ಚಿ, ಪಂಪ್ ನಿಲ್ಲಿಸಿ, ಕಾಲು ಗಂಟೆ ಕಾಯಿರಿ. ಒಳಗಿನ ಒತ್ತಡ ಏರುತ್ತಲೇ ಹೋದರೆ ಸೋರಿಕೆ ಇದೆ, ಹಂತ 5ಕ್ಕೆ ಹಿಂದಿರುಗಿ. ಸ್ವಲ್ಪ ಏರಿ ನಿಂತರೆ ತೇವ ಉಳಿದಿದೆ, ಪಂಪ್ ಮತ್ತೆ ಓಡಿಸಿ.

ಹಂತ 7: ಗ್ಯಾಸ್ ಬಿಡುವುದು

ಸಣ್ಣ ಪೈಪಿನ ವಾಲ್ವನ್ನು ಕಾಲು ಸುತ್ತು ತೆರೆದು, ಐದಾರು ಸೆಕೆಂಡಿನ ನಂತರ ಮುಚ್ಚಿ. ಒಳಗೆ ಒತ್ತಡ ಬಂದಿರುವುದರಿಂದ ಈಗ ಹೋಸ್ ಬಿಚ್ಚಿದರೂ ಗಾಳಿ ಒಳನುಗ್ಗುವುದಿಲ್ಲ. ಕೈಗವಸು, ಕನ್ನಡಕ ಹಾಕಿಕೊಂಡೇ ಬಿಚ್ಚಿ, ತಗುಲಿದ ಗ್ಯಾಸ್ ಚರ್ಮವನ್ನು ಹೆಪ್ಪುಗಟ್ಟಿಸುತ್ತದೆ. ನಂತರ ಸಣ್ಣ ವಾಲ್ವ್, ಆಮೇಲೆ ದಪ್ಪ ವಾಲ್ವ್, ಎರಡನ್ನೂ ಪೂರ್ತಿ ತೆರೆಯಿರಿ. ಮುಚ್ಚಳಗಳನ್ನು ಬಿಗಿಯಾಗಿ ಹಾಕಿ, ನಾಲ್ಕೂ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಇನ್ನೊಮ್ಮೆ ನೋಡಿ. ಸೋರಿಕೆ ಇಲ್ಲವೆಂದು ಖಾತ್ರಿಯಾದ ಮೇಲೆ ಜಾಯಿಂಟ್‌ಗಳಿಗೂ ಫೋಮ್ ಹೊದಿಸಿ. ಎರಡು ಪೈಪುಗಳಿಗೂ ಬೇರೆಬೇರೆಯಾಗಿ ಫೋಮ್ ಇರಬೇಕು.

ಹಂತ 8: ವೈರ್ ಜೋಡಣೆ ಮತ್ತು ಪರೀಕ್ಷೆ

ಮೇನ್ ಸ್ವಿಚ್ ಆಫ್ ಮಾಡಿ. ಇಂಡೋರ್ ಮತ್ತು ಔಟ್‌ಡೋರ್‌ನ ಟರ್ಮಿನಲ್‌ಗಳಲ್ಲಿ ಒಂದೇ ಸಂಖ್ಯೆಗೆ ಒಂದೇ ಬಣ್ಣದ ವೈರ್ ಬರಲಿ. ಅದಲುಬದಲಾದರೆ ಇನ್ವರ್ಟರ್ ಎಸಿಯಲ್ಲಿ (ಕಂಪ್ರೆಸರ್ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಎಸಿ) ಎರಡು ಯೂನಿಟ್‌ಗಳ ನಡುವಿನ ಸಂಪರ್ಕ ಕಡಿದು ಪರದೆಯ ಮೇಲೆ ದೋಷದ ಕೋಡ್ ಬರುತ್ತದೆ, ಸರ್ಕ್ಯೂಟ್ ಬೋರ್ಡ್ ಸುಡಲೂಬಹುದು.

ಒಂದು ಲೀಟರ್ ನೀರನ್ನು ಇಂಡೋರ್‌ನ ತಟ್ಟೆಗೆ ನಿಧಾನವಾಗಿ ಸುರಿದು ಡ್ರೈನ್ ಪರೀಕ್ಷಿಸಿ. ಆಮೇಲೆ ಎಸಿ ಹಚ್ಚಿ. 2020ರ ನಂತರದ ಎಸಿಗಳು 24 ಡಿಗ್ರಿಯಲ್ಲಿ ಶುರುವಾಗುತ್ತವೆ. ಪರೀಕ್ಷೆಯ ಮಟ್ಟಿಗೆ ಅತಿ ಕಡಿಮೆ ಉಷ್ಣತೆಗೆ ಇಳಿಸಿ 20 ನಿಮಿಷ ಬಿಡಿ. ಒಳಹೋಗುವ ಮತ್ತು ಹೊರಬರುವ ಗಾಳಿಯ ನಡುವೆ 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಕೆಲಸ ಸರಿಯಾಗಿದೆ. ಸಣ್ಣ ಪೈಪಿನ ಮೇಲೆ ಹಿಮ ಕಟ್ಟಿದರೆ ಗ್ಯಾಸ್ ಕಡಿಮೆ ಇದೆ, ಇಲ್ಲವೇ ವಾಲ್ವ್ ಪೂರ್ತಿ ತೆರೆದಿಲ್ಲ. ಹಾಟ್ ಅಂಡ್ ಕೋಲ್ಡ್ ಆದರೆ ಬಿಸಿಯನ್ನೂ ಹಚ್ಚಿ ನೋಡಿ. ಚಳಿ ಹೆಚ್ಚಿದ್ದಾಗ ಅದು ನಡುನಡುವೆ ಕೆಲವು ನಿಮಿಷ ನಿಲ್ಲುತ್ತದೆ. ಹೊರಗಿನ ಕಾಯಿಲ್ ಮೇಲಿನ ಹಿಮ ಕರಗಿಸಿಕೊಳ್ಳುವುದು ಅದರ ಸಹಜ ಕ್ರಮ, ದೋಷವಲ್ಲ.

ಕೊನೆಗೆ, ಪೈಪಿನ ಉದ್ದ, ಕೂರಿಸಿದ ದಿನಾಂಕ, ನಿರ್ವಾತ ಎಷ್ಟಕ್ಕೆ ಇಳಿದಿತ್ತು, ಗ್ಯಾಸ್ ಸೇರಿಸಿದ್ದರೆ ಎಷ್ಟು ಗ್ರಾಂ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಔಟ್‌ಡೋರ್ ಯೂನಿಟ್ಟಿನ ಮುಚ್ಚಳದ ಒಳಬದಿಗೆ ಅಂಟಿಸಿ. ಮುಂದೆ ರಿಪೇರಿಗೆ ಬಂದವರು ಗ್ಯಾಸ್ ತುಂಬಿಸಬೇಕು ಎಂದರೆ ಆ ಚೀಟಿ ತೋರಿಸಿ, ಸೋರಿಕೆ ಎಲ್ಲಿದೆ ಎಂದು ಮೊದಲು ಹುಡುಕಲು ಹೇಳಿ.